ಮೈಯೊಳಗೆ ಉಳಿದ ತಾಮ್ರ

ಅವ್ವನ ಕೈ ಮುರಿದವಳು ನಾನು.

ಹೊಗೆಸೊಪ್ಪು ಕೀಳುವ ಕಾಲ ಅದು. ಪಿರಿಯಾಪಟ್ಟಣಕ್ಕೂ ಹುಣಸೂರಿಗೂ ನಡುವೆ ಇರುವ ನಮ್ಮೂರಿನಲ್ಲಿ ಆಗ ಯಾರೂ ಸುಮ್ಮನೆ ಕೂರುವುದಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಚಪ್ಪರದಡಿ ಕೂತು ನಾನು, ಅವ್ವ, ತಂಗಿ ಕಾವ್ಯ ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದೆವು. ನನ್ನ ಬೆರಳುಗಳು ದಾರ ಹಿಡಿಯುತ್ತಿರಲಿಲ್ಲ. ಕಟ್ಟಿದ ಎಲೆ ಜಾರಿ ಮಡಿಲಿಗೆ ಬೀಳುತ್ತಿತ್ತು, ಮತ್ತೆ ಕಟ್ಟುತ್ತಿದ್ದೆ, ಮತ್ತೆ ಬೀಳುತ್ತಿತ್ತು.

"ಬುಡಮ್ಮಿ, ನೀನು ಒಳಕ್ಕೋಗು. ನಾ ಕಟ್ಕತೀನಿ" ಎಂದಳು ಅವ್ವ.

ಅಷ್ಟೇ ಅಂದದ್ದು. ಬೈಯಲಿಲ್ಲ, ನಗಲೂ ಇಲ್ಲ. ನಾನು ಖಾಲಿ ಕೋಲೊಂದನ್ನು ಎತ್ತಿಕೊಂಡು ಅವಳ ತಲೆಗೆ ಬೀಸಿದೆ. ಅವಳು ಬಲಗೈ ಅಡ್ಡ ಹಿಡಿದಳು. ಮಣಿಕಟ್ಟಿನ ಮೇಲೆ ಏಟು ಬಿತ್ತು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ನಿಲ್ಲಿಸಬೇಕೆಂದು ಅನ್ನಿಸಲಿಲ್ಲ. ಭುಜಕ್ಕೆ ಇನ್ನೊಂದು, ಬೆನ್ನಿಗೆ ಇನ್ನೊಂದು ಹೊಡೆದೆ. ಬ್ಯಾರನ್ನಿನ ಒಲೆಗೆ ಸೌದೆ ತುಂಬುತ್ತಿದ್ದ ಅಪ್ಪ ಓಡಿ ಬಂದು ಸೊಂಟಕ್ಕೆ ಒದ್ದರು. ಎಲೆಯ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದೆ. ಬಾಯೊಳಗೆಲ್ಲ ಹಸಿ ಹೊಗೆಸೊಪ್ಪಿನ ಕಹಿ. ಅಪ್ಪ ನನ್ನ ಜಡೆ ಹಿಡಿದೆತ್ತಿ, ಕೈ ಸೋಲುವವರೆಗೂ ಬಡಿದರು. ಅವ್ವ ಮುರಿದ ಕೈಯನ್ನು ಎದೆಗೆ ಅವಚಿಕೊಂಡು, "ಸಾಕು ಬುಡಿ, ಸತ್ತೋಯ್ತಾಳೆ" ಎನ್ನುತ್ತಿದ್ದಳು.

ಆಗ ನನಗೆ ಹದಿನೈದು. ನನ್ನ ಹೆಸರು ಯಶೋದ. ಈಗ ಹುಣಸೂರಿನ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಬಿಲ್ಲು ಮಾಡುತ್ತೇನೆ. ಇದನ್ನು ಕಂಪ್ಯೂಟರಿನಲ್ಲಿ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದೇನೆ, ಏಕೆಂದರೆ ನನ್ನ ಕೈಬರಹ ಪೂರ್ತಿಯಾಗಿ ವಾಪಸು ಬರಲೇ ಇಲ್ಲ.

ಕಾಯಿಲೆ ಅವ್ವನ ಕೈ ಮುರಿದ ದಿನ ಶುರುವಾದದ್ದಲ್ಲ. ಅದು ಬಹಳ ಹಿಂದೆಯೇ ಬಂದು ಮನೆಯಲ್ಲಿ ಕೂತಿತ್ತು. ಬಂದಾಗಲೆಲ್ಲ ಬೇರೆ ಬೇರೆ ಹೆಸರು ಹೇಳಿಕೊಂಡು ಬಂದಿತ್ತು.

ಮೊದಲು ಕಾಮಾಲೆಯಾಗಿ ಬಂತು. ಐದನೇ ತರಗತಿಯಲ್ಲಿದ್ದಾಗ ಕಣ್ಣು ಹಳದಿಯಾಯಿತು. ಅವ್ವ ನೆಲಕ್ಕೆ ಕುಸಿದು ಕೂತುಬಿಟ್ಟಳು. ನನಗಿಂತ ದೊಡ್ಡವನಾದ ಕುಮಾರಣ್ಣ ಕಾಮಾಲೆಯಲ್ಲೇ ಹೋಗಿದ್ದ. ನಾನಾಗ ಇನ್ನೂ ತೊದಲು ಮಾತಿನ ಕೂಸು. ಕಾಮಾಲೆ ನೆತ್ತಿಗೇರಿ ಸತ್ತ ಎಂದು ಊರಲ್ಲಿ ಹೇಳುತ್ತಿದ್ದರು. ಹಾಗಾಗಿ ನನ್ನನ್ನು ಎತ್ತಿಕೊಂಡು ಬಿಳಿಕೆರೆ ಕಡೆಯ ಒಂದು ಊರಿಗೆ ಓಡಿದರು. ಅಲ್ಲೊಬ್ಬರು ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಹಳದಿ ಇಳಿಯಿತು. ಅಪ್ಪ ಅವರ ಕಾಲಿಗೆ ಬಿದ್ದು ಬಂದರು. ಕಾಯಿಲೆ ಹೋಯಿತು ಎಂದುಕೊಂಡೆವು. ಹೋದದ್ದು ಹಳದಿ ಬಣ್ಣ ಮಾತ್ರ.

ಎಂಟನೇ ತರಗತಿಯಲ್ಲಿ ಅಕ್ಷರ ಕೆಟ್ಟಿತು. ಮುತ್ತಿನಂತೆ ಬರೆಯುತ್ತಿದ್ದವಳದು ಕಾಗೆ ಕಾಲು ಗುಬ್ಬಿ ಕಾಲಾಯಿತು. ಗಣಿತದ ಮೇಷ್ಟ್ರಿಗೆ ಇದು ಸೊಕ್ಕಿನಂತೆ ಕಂಡಿತು. ಬೆರಳುಗಳ ಗಿಣ್ಣಿನ ಮೇಲೆ ಸ್ಕೇಲಿನ ಅಂಚಿನಿಂದ ಹೊಡೆದರು. ಹೊಡೆದಷ್ಟೂ ಕೈ ನಡುಗಿತು, ನಡುಗಿದಷ್ಟೂ ಹೊಡೆದರು. ಒಂದು ದಿನ ಸ್ಕೇಲು ಹಿಡಿದ ಆ ಕೈಯನ್ನು ಎರಡೂ ಕೈಯಿಂದ ಎಳೆದುಕೊಂಡು ಕಚ್ಚಿದೆ. ರಕ್ತ ಬಂತು. ಹುಡುಗರು ಬಿಡಿಸುವವರೆಗೂ ಬಿಡಲಿಲ್ಲ. ಶಾಲೆಗೆ ಬರಬೇಡ ಎಂದರು.

ಬಾಯಿಂದ ಜೊಲ್ಲು ಸುರಿಯತೊಡಗಿತು, ಹುಳದ ಮಾತ್ರೆ ಕೊಟ್ಟರು. ನಾಲಿಗೆ ತೊದಲಿತು, ಅಜ್ಜಿ ಜೇನಿನಲ್ಲಿ ಬಜೆ ತೇಯ್ದು ತಿಕ್ಕಿದಳು. ಮುಟ್ಟು ನಿಂತಿತು, ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಟಿವಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ಅವ್ವ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸುತ್ತಿದ್ದಳು, ಮೈಗೆ ಒಳ್ಳೆಯದೆಂದು. ಕೋಪ ಮಿತಿ ಮೀರಿದಾಗ ಪೇಟೆಯ ಡಾಕ್ಟರೊಬ್ಬರು ಕೋಪಕ್ಕೆ ಮಾತ್ರೆ ಕೊಟ್ಟರು. ಅದನ್ನು ನುಂಗಿದ ಮೇಲೆ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ನಿಂತಿತು. ಅದಕ್ಕೆ ಎಣ್ಣೆ ಕಾಯಿಸಿ ಹಚ್ಚಿದರು.

ಒಂದೊಂದಕ್ಕೂ ಒಂದೊಂದು ಮದ್ದು. ಇವೆಲ್ಲ ಒಬ್ಬಳೇ ಹುಡುಗಿಯ ಮೈಯಲ್ಲಿ ಯಾಕೆ ಸಾಲಾಗಿ ಬರುತ್ತಿವೆ ಎಂದು ಯಾರೂ ಕೇಳಲಿಲ್ಲ.

ಕೋಪ ಹೇಗಿತ್ತು ಎಂದು ಜನ ಈಗಲೂ ಕೇಳುತ್ತಾರೆ. ಅದಕ್ಕೆ ಮುನ್ಸೂಚನೆ ಇರುತ್ತಿರಲಿಲ್ಲ. ಮಾಮೂಲಿ ಕೋಪ ಮೆಟ್ಟಿಲು ಹತ್ತಿಕೊಂಡು ಬರುತ್ತದೆ, ನಡುವೆ ಎಲ್ಲಾದರೂ ನಿಲ್ಲಿಸಬಹುದು. ನನ್ನದು ನೇರ ಕೈಗೇ ಬರುತ್ತಿತ್ತು. ಏಟು ಬಿದ್ದ ಮೇಲೆ ಮನಸ್ಸಿಗೆ ಗೊತ್ತಾಗುತ್ತಿತ್ತು. ಆಮೇಲೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಅದನ್ನು ಹೇಳಲು ಬಾಯಿ ತೆರೆದರೆ ಜೊಲ್ಲು ಮತ್ತು ಮುದ್ದೆಯಾದ ಮಾತು.

ಅವ್ವನ ಕೈಗೆ ಹುಣಸೂರಿನಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಅಪ್ಪ ನನ್ನನ್ನು ಕೊಟ್ಟಿಗೆಯ ಕಂಬಕ್ಕೆ ದನದ ಹಗ್ಗದಿಂದ ಕಟ್ಟಿದರು. ಗಂಟು ಬಿಗಿಯುವಾಗ ನನ್ನ ಮುಖ ನೋಡಲಿಲ್ಲ. ಕಾವ್ಯ ಆಗ ಚಿಕ್ಕವಳು. ತಟ್ಟೆಯಲ್ಲಿ ಮುದ್ದೆ, ಉಪ್ಸಾರು ತಂದು, ಕೈಗೆ ಸಿಗದಷ್ಟು ದೂರದಲ್ಲಿ ನಿಂತು, ಕೋಲಿನಿಂದ ನನ್ನ ಕಡೆಗೆ ತಳ್ಳುತ್ತಿದ್ದಳು. ನಾಯಿಗೆ ಇಡುವ ಹಾಗೆ. ಅದನ್ನು ಕಂಡು ಒಮ್ಮೆ ತಟ್ಟೆಯನ್ನೇ ಅವಳ ಮುಖಕ್ಕೆ ಎಸೆದೆ. ಹುಬ್ಬು ಸೀಳಿತು. ಅವಳು ಕಿರುಚಲಿಲ್ಲ. ರಕ್ತ ಒರೆಸಿಕೊಳ್ಳುತ್ತ, "ಅಕ್ಕ, ಮುದ್ದೆ ಚೆಲ್ಲೋಯ್ತು, ಬೇರೆ ತತ್ತೀನಿ" ಎಂದು ಒಳಗೆ ಹೋದಳು.

ಆ ವಾರ ಅವ್ವನ ತಮ್ಮ, ನಮ್ಮ ಮಾವ, ಕೆ.ಆರ್. ನಗರದಿಂದ ಬಂದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನನ್ನನ್ನು ನೋಡಿದರು.

"ಭಾವ, ಇದು ಡಾಕ್ಟ್ರುದಲ್ಲ. ಗಾಳಿ ಸೋಕದೆ. ಕೋಟೆಯಿಂದ ಆಚೆ ಕಾಡಂಚಲ್ಲಿ ಒಬ್ರವ್ರೆ, ಬುಡುಸ್ತಾರೆ" ಎಂದರು.

"ನಂಗೆ ಅದ್ರಲ್ಲೆಲ್ಲ ನಂಬ್ಕೆ ಇಲ್ಲ ಕಣೋ" ಎಂದರು ಅಪ್ಪ.

"ಇನ್ನೇನ್ ಮಾಡ್ತೀರಿ? ಇಂಗೇ ಕಟ್ಟಾಕಿರ್ತೀರಾ, ಇವ್ಳು ಮುದ್ಕಿ ಆಗೋಗಂಟ?"

ಅಪ್ಪ ವ್ಯಾನು ಗೊತ್ತು ಮಾಡಲು ಎದ್ದು ಹೋದರು. ಮಾರನೆಯ ದಿನ ವ್ಯಾನಿನ ಹಿಂದಿನ ಸೀಟಿನಲ್ಲಿ ನನ್ನ ಕೈಕಾಲು ಕಟ್ಟಿ ಮಲಗಿಸಿ ಹೆಗ್ಗಡದೇವನಕೋಟೆಯ ದಾರಿ ಹಿಡಿದರು. ಅವ್ವನ ಪ್ಲಾಸ್ಟರ್ ಕೈಯ ಕೆಳಗೆ ನನ್ನ ತಲೆ. ದಾರಿಯುದ್ದಕ್ಕೂ ಅವಳು ಎಡಗೈಯಿಂದ ನನ್ನ ಬಾಯಿ ಒರೆಸುತ್ತಿದ್ದಳು.

ಅದು ಗುಡಿಯಲ್ಲ. ಶೀಟು ಹೊದಿಸಿದ ಒಂದು ಕೊಟ್ಟಿಗೆ, ನಡುವೆ ಕಂಬ. ನಡುವಯಸ್ಸಿನ ಆ ಮನುಷ್ಯನ ಅಂಗಿ ಬಿಳುಪಾಗಿತ್ತು, ಮಾತು ಮೆತ್ತಗಿತ್ತು. ಅವನ ಇಬ್ಬರು ಆಳುಗಳು ನನ್ನ ಕೂದಲನ್ನು ಕಂಬಕ್ಕೆ ಸುತ್ತಿ ಕಟ್ಟಿದರು. ಮುಂದೆ ಕೆಂಡ ಇಟ್ಟು ಒಣಮೆಣಸಿನಕಾಯಿ ಸುರಿದರು. ಉಸಿರು ಎಳೆದರೆ ಗಂಟಲು ಸುಡುತ್ತದೆ, ಎಳೆಯದಿದ್ದರೆ ಪ್ರಾಣ ಹೋಗುತ್ತದೆ. ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡೆ.

"ಬತ್ತಾ ಅದೆ" ಎಂದ ಅವನು, ಅಪ್ಪನಿಗೆ ಸಮಾಧಾನ ಹೇಳುವವನಂತೆ. ಆಮೇಲೆ ಹುಣಸೆಬರಲು ಹಿಡಿದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಯಾರ್ ನೀನು? ಎಸ್ರು ಯೋಳು."

ನಾನು ಹೆಸರು ಹೇಳಿದೆ. ಯಶೋದ ಎಂದು ಹೇಳಬೇಕೆಂದು ಪ್ರಾಣ ಒತ್ತೆಯಿಟ್ಟು ಹೇಳಿದೆ. ನಾಲಿಗೆ ಹೊರಳದೆ "ಎಹೋ" ಎಂಬಂತೆ ಏನೋ ಬಂತು.

"ನೋಡುದ್ರಾ, ತನ್ನ ಎಸ್ರು ಮುಚ್ಚಿಡ್ತಾ ಅದೆ" ಎಂದು ಬರಲು ಬೀಸಿದ. ತೊಡೆ, ಬೆನ್ನು, ತೋಳು. ಮತ್ತೆ ಕೇಳಿದ. ಮತ್ತೆ ನನ್ನದೇ ಹೆಸರು ಹೇಳಿದೆ, ಮತ್ತೆ ಬೀಸಿದ. ನನಗೆ ಹೇಳಲು ಬೇರೆ ಹೆಸರು ಇರಲಿಲ್ಲ. ಯಾವುದಾದರೂ ಸತ್ತವರ ಹೆಸರು ಹೇಳಿದ್ದರೆ ಅವತ್ತು ಬೇಗ ಬಿಡುತ್ತಿದ್ದನೇನೋ. ಅಷ್ಟು ಬುದ್ಧಿ ಹೊಳೆಯಲಿಲ್ಲ. ಏಟಿಗೆ ಮುಖ ತಿರುಗಿಸಿದಾಗ ಬರಲಿನ ತುದಿ ಎಡಗಣ್ಣಿಗೆ ಬಡಿಯಿತು.

ಕಣ್ಣಿನೊಳಗೆ ಬಿಸಿನೀರು ಸುರಿದಂತಾಯಿತು. ಒಂದು ಕಡೆ ಲೋಕವೇ ಕೆಂಪು. ನನ್ನ ಬಾಯಿಂದ ಬಂದ ಕೂಗು ನನ್ನದೆಂದು ನನಗೇ ಗೊತ್ತಾಗಲಿಲ್ಲ. ಅವನು ಮತ್ತೆ ಕೈ ಎತ್ತಿದ್ದ. ಅಷ್ಟರಲ್ಲಿ ಅವ್ವ ಎದ್ದಳು. ಯಾವತ್ತೂ ಯಾರ ಮುಂದೆಯೂ ದನಿ ಎತ್ತದ ಅವ್ವ, ಪ್ಲಾಸ್ಟರ್ ಹಾಕಿದ ಕೈಯನ್ನು ಒನಕೆಯಂತೆ ಎತ್ತಿ ಅವನ ಬಾಯಿಗೆ ಹೊಡೆದಳು. ಅವನ ತುಟಿ ಒಡೆಯಿತು. ಅವ್ವನ ಪ್ಲಾಸ್ಟರ್ ಬಿರಿಯಿತು, ಕೂಡುತ್ತಿದ್ದ ಮೂಳೆ ಮತ್ತೆ ಜರುಗಿತು. ಅವಳು ನನ್ನ ಮೇಲೆ ಕವುಚಿ ಬಿದ್ದು, "ನನ್ನೊಡೀರೋ, ನನ್ನೊಡೀರಿ" ಎಂದಳು. ಆಳುಗಳು ಅವಳನ್ನೂ ಒದ್ದರು. ಅಪ್ಪ ಆಗ ಎಚ್ಚರಗೊಂಡವರಂತೆ ಒಬ್ಬನನ್ನು ಎತ್ತಿ ಕೆಂಡದ ಪಕ್ಕಕ್ಕೆ ಕುಕ್ಕಿದರು. ಕಂಬಕ್ಕೆ ಸುತ್ತಿದ್ದ ನನ್ನ ಕೂದಲನ್ನು ಬಿಚ್ಚಲು ಪುರುಸೊತ್ತಿಲ್ಲದೆ ಅಲ್ಲೇ ಸಿಕ್ಕಿಸಿದ್ದ ಕುಡುಗೋಲಿನಿಂದ ಕುಯ್ದರು.

ಕೋಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಮೈಸೂರಿಗೆ ಬರೆದುಕೊಟ್ಟರು.

ಮೈಸೂರಿನ ದೊಡ್ಡಾಸ್ಪತ್ರೆಯ ಕಣ್ಣಿನ ವಿಭಾಗದ ಮುಂದೆ ಉದ್ದನೆಯ ಬೆಂಚು. ಸುತ್ತ ಕನ್ನಡಕಕ್ಕೆ ಬಂದ ಅಜ್ಜಂದಿರು. ಅರ್ಧ ಕೂದಲು ಕುಯ್ದ, ಕಣ್ಣಿಗೆ ಪಟ್ಟಿ ಕಟ್ಟಿದ, ಮೈಮೇಲೆಲ್ಲ ಬಾಸುಂಡೆ ಇರುವ ಹುಡುಗಿಯನ್ನು ನೋಡಿ ಪಕ್ಕದಲ್ಲಿದ್ದವರು ಸರಿದು ಕೂತರು. ಒಬ್ಬ ಅಜ್ಜಿ ಮಾತ್ರ ಸರಿಯಲಿಲ್ಲ. ಸೆರಗಿನ ಗಂಟಿನಿಂದ ಸ್ವಲ್ಪ ಹುರಿಗಡಲೆ ತೆಗೆದು ನನ್ನ ಅಂಗೈಗೆ ಹಾಕಿ, ನನ್ನ ನಡುಕಕ್ಕೆ ಅದು ಚೆಲ್ಲದಂತೆ ನನ್ನ ಬೆರಳುಗಳನ್ನು ಮಡಚಿದಳು. ಆ ಅಜ್ಜಿ ಯಾರೋ ಗೊತ್ತಿಲ್ಲ.

ಒಳಗಿದ್ದದ್ದು ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ. ನನ್ನ ಗಲ್ಲವನ್ನು ಯಂತ್ರದ ಮೇಲಿಟ್ಟು ಗಾಯದ ಕಣ್ಣು ನೋಡಿದರು. ದೃಷ್ಟಿ ಉಳಿಯುತ್ತದೆ ಎಂದರು. ಅವ್ವ ಅಳತೊಡಗಿದಳು. ಆಮೇಲೆ ಅವರು ಒಳ್ಳೆಯ ಕಣ್ಣನ್ನೂ ನೋಡಿದರು. ಮತ್ತೆ ಗಾಯದ ಕಣ್ಣು, ಮತ್ತೆ ಒಳ್ಳೆಯದು. ಎದ್ದು ಹೋಗಿ ದೊಡ್ಡ ಡಾಕ್ಟರನ್ನು ಕರೆತಂದರು. ಅವರೂ ನೋಡಿದರು.

"ಯಶೋದ, ಕೈ ಎರಡೂ ಮುಂದಕ್ಕೆ ಚಾಚು" ಎಂದರು ಡಾಕ್ಟರಮ್ಮ. ಕೈಗಳು ರೆಕ್ಕೆ ಬಡಿದಂತೆ ಬಡಿದುಕೊಂಡವು. "ಎಷ್ಟು ದಿನದಿಂದ ಹೀಗೆ? ಮಾತು? ಅಕ್ಷರ? ಕಾಮಾಲೆ ಆಗಿತ್ತಾ?"

ಅವ್ವ ಒಂದೊಂದಕ್ಕೂ ಹೂಂ ಅನ್ನುತ್ತಾ ಹೋದಳು. ಮೊದಲ ಸಲ ಯಾರೋ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು.

"ನೀವೂ ಯಜಮಾನ್ರೂ ಸಂಬಂಧದಲ್ಲೇ ಮದುವೆ ಆದವ್ರಾ?"

"ಊಂ. ನಾನು ಅವ್ರ ಸೋದರತ್ತೆ ಮಗ್ಳು."

"ಮನೇಲಿ ಬೇರೆ ಮಕ್ಕಳಿಗೆ ಏನಾದ್ರೂ ಆಗಿತ್ತಾ?"

ಅವ್ವ ಅಪ್ಪನ ಕಡೆ ನೋಡಿದಳು. "ಮೊದಲ್ನೇವ್ನು ಕುಮಾರ ಅಂತ. ಕಾಮಾಲೆ ಬಂದು ಓದ. ಒಟ್ಟೆ ಉಬ್ಬಿ, ಕೊನೇಗೆ ರಕ್ತ ಕಕ್ಕೊಂಡ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಮ್ಮ, ಇವಳಿಗೆ ಹುಚ್ಚಲ್ಲ. ದೆವ್ವ ಅಲ್ಲ. ಇವಳ ಕಣ್ಣಿನ ಕಪ್ಪಿನ ಸುತ್ತ ಕಂದು ಬಣ್ಣದ ಉಂಗುರ ಕೂತಿದೆ. ಅದು ತಾಮ್ರ. ಕಣ್ಣಲ್ಲಿ ಇಷ್ಟಿದ್ರೆ ಲಿವರ್‌ನಲ್ಲಿ, ಮೆದುಳಲ್ಲಿ ಇನ್ನೂ ಇರುತ್ತೆ."

ಪರೀಕ್ಷೆಗಳಾದ ಮೇಲೆ ವಿಲ್ಸನ್ ಕಾಯಿಲೆ ಎಂದು ಹೆಸರು ಹೇಳಿದರು. ಊಟದಲ್ಲಿ ಎಲ್ಲರ ಮೈಗೂ ಚೂರು ತಾಮ್ರ ಹೋಗುತ್ತದಂತೆ, ಹೆಚ್ಚಾದದ್ದು ಹೊರಗೂ ಹೋಗುತ್ತದಂತೆ. ನನ್ನ ಮೈಗೆ ಹುಟ್ಟಿನಿಂದಲೇ ಅದನ್ನು ಹೊರಗೆ ಹಾಕುವ ದಾರಿ ಇಲ್ಲ. ಇದಕ್ಕಿಂತ ಹೆಚ್ಚು ನಾನು ತಿಳಿದುಕೊಂಡಿಲ್ಲ. ಕುಮಾರಣ್ಣನ ಲಿವರನ್ನು ತಿಂದದ್ದೂ ಇದೇ ಇರಬೇಕು ಎಂದರು. ಅವ್ವ ವಾರ್ಡಿನ ಗೋಡೆಗೆ ಆತು ನಿಂತು, "ಅಂಗಾರೆ ಅವ್ನು ಬದುಕ್ಬೋದಿತ್ತಾ" ಎಂದು ಕೇಳಿದಳು. ಡಾಕ್ಟರಮ್ಮ ಅವಳ ಭುಜ ಹಿಡಿದು, "ಆಗ ನೋಡಿದ್ರೆ, ಬಹುಶಃ" ಎಂದರು.

ಅಪ್ಪ ಅದೇ ಸಂಜೆಯ ಬಸ್ಸು ಹತ್ತಿ ಊರಿಗೆ ಹೋದರು. ಅವರು ಮಾಡಿದ್ದನ್ನು ಆಮೇಲೆ ಕಾವ್ಯ ಹೇಳಿದಳು. ಬಚ್ಚಲಿನ ತಾಮ್ರದ ಹಂಡೆ, ಕೊಳದಪ್ಪಲೆ, ಚೊಂಬು, ದೇವರ ಉದ್ಧರಣೆಯವರೆಗೆ ಎಲ್ಲವನ್ನೂ ಅಂಗಳಕ್ಕೆ ಎಸೆದು ಸುತ್ತಿಗೆಯಿಂದ ಬಡಿದರಂತೆ. ಅವ್ವನ ಮದುವೆಯ ಹಂಡೆ ಅದು. ಅಂಗೈ ಒಡೆದು ರಕ್ತ ಸುರಿದರೂ ನಿಲ್ಲಿಸಲಿಲ್ಲವಂತೆ. ಅಕ್ಕಪಕ್ಕದವರು ಈಗ ಅಪ್ಪನಿಗೂ ಗಾಳಿ ಸೋಕಿತು ಎಂದುಕೊಂಡರು. ವಾಪಸು ಬಂದು ಡಾಕ್ಟರಿಗೆ, "ಎಲ್ಲ ಒಡ್ದಾಕಿವ್ನಿ ಸಾರ್" ಎಂದಾಗ ಅವರು, "ತಾಮ್ರದ ಪಾತ್ರೆ ಬಿಟ್ಟಿದ್ದು ಸರಿ. ಆದ್ರೆ ಕಾಯಿಲೆ ಬಂದದ್ದು ಪಾತ್ರೆಯಿಂದ ಅಲ್ಲ. ನಿಮ್ಮಿಂದಲೂ ಅಲ್ಲ" ಎಂದರು. ಎರಡನೆಯ ಮಾತು ಕೇಳಿ ಅಪ್ಪ ಕಾರಿಡಾರಿನಲ್ಲಿ ಕೂತು, ಕಟ್ಟು ಹಾಕಿದ್ದ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಮದ್ದು ಶುರುವಾದರೆ ವಾಸಿಯಾಗುತ್ತದೆ ಎಂದುಕೊಂಡಿದ್ದೆವು. ಮೊದಮೊದಲು ಇನ್ನೂ ಕೆಟ್ಟಿತು. ಒಳಗೆ ಕೂತಿದ್ದ ತಾಮ್ರ ಕದಲಿದಾಗ ಹೀಗಾಗಬಹುದು ಎಂದು ಮುಂಚೆಯೇ ಹೇಳಿದ್ದರು, ಆದರೆ ಹೇಳುವುದು ಬೇರೆ, ಆಗುವುದು ಬೇರೆ. ಕೈಗಳು ನನ್ನನ್ನು ಕೇಳದೆ ಗಾಳಿಯಲ್ಲಿ ಹಾರಿ ನನ್ನ ಮುಖಕ್ಕೇ ಬಡಿಯುತ್ತಿದ್ದವು. ದವಡೆ ಕಚ್ಚಿಕೊಂಡು ನಾಲಿಗೆಯ ಅಂಚು ಹರಿಯಿತು. ಗಂಜಿ ಇಳಿಯದೆ ಮೂಗಿನಲ್ಲಿ ನಳಿಕೆ ಹಾಕಿದರು, ಅದನ್ನು ಕಿತ್ತೆಸೆದು ಟ್ರೇ ಹಿಡಿದಿದ್ದ ನರ್ಸಮ್ಮನ ಕೆನ್ನೆಗೆ ಬಡಿದೆ. ಅವರ ಕನ್ನಡಕ ಮಂಚದಡಿಗೆ ಹೋಗಿ ಬಿತ್ತು.

ಇನ್ನು ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ಅವರು ಬಗ್ಗಿ ಕನ್ನಡಕ ತೆಗೆದುಕೊಂಡರು. ಬ್ಯಾಂಡೇಜ್ ಬಟ್ಟೆ ತಂದರು.

"ಯಶೋದ, ನೋಡು ಇಲ್ಲಿ. ನಳಿಕೆ ಹಾಕೋವರ್ಗೂ ಕೈ ಕಟ್ತೀನಿ. ಆಮೇಲೆ ನಾನೇ ಬಿಚ್ತೀನಿ. ಆಗ್ಬೋದಾ?"

ನನ್ನನ್ನು ಕಟ್ಟಿದವರು ಬಹಳ ಜನ. ಕಟ್ಟಲೇ ಎಂದು ಕೇಳಿದವರು ಅವರೊಬ್ಬರೇ. ಕತ್ತು ಅಲ್ಲಾಡಿಸಿದೆ. ನಳಿಕೆ ಹಾಕಿದ ಮೇಲೆ ಹೇಳಿದ ಹಾಗೇ ಬಿಚ್ಚಿದರು. ಕೆಂಪಾದ ಮಣಿಕಟ್ಟನ್ನು ಬೆರಳಿನಿಂದ ಮೆಲ್ಲಗೆ ತಿಕ್ಕಿ ಹೋದರು. ಅವತ್ತು ಆಸ್ಪತ್ರೆಗೆ ಬಂದಮೇಲೆ ಮೊದಲ ಸಲ ಅತ್ತೆ.

ಅದೇ ವಾರ್ಡಿನಲ್ಲಿ ದಿನವಿಡೀ ಹೊಯ್ದ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ಕೂಡಿಡಬೇಕಿತ್ತು, ತಾಮ್ರ ಎಷ್ಟು ಹೊರಗೆ ಹೋಗುತ್ತಿದೆ ಎಂದು ನೋಡಲು. ಅವ್ವ ಅದನ್ನು ಹಾಲಿನ ಕ್ಯಾನಿನಂತೆ ಎಡಗೈಯಲ್ಲಿ ಜೋಪಾನವಾಗಿ ಹಿಡಿದು ಲ್ಯಾಬಿಗೆ ಹೊರಟಾಗ ಯಾರೋ, "ಡೈರಿ ಯಾವ್ ಕಡೆ ಅಮ್ಮ?" ಎಂದರು. ಅವ್ವ ನಗು ತಡೆಯಲಾರದೆ ಬಾಗಿಲಲ್ಲೇ ನಿಂತಳು. ಕುಮಾರಣ್ಣನ ವಿಷಯ ತಿಳಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ನಿಧಾನವಾಗಿ, ಬಹಳ ನಿಧಾನವಾಗಿ, ಇಳಿಯಿತು. ಮೊದಲು ಜೊಲ್ಲು ನಿಂತಿತು. ಆಮೇಲೆ ನಡುಕ ಕಮ್ಮಿಯಾಯಿತು. ಕೋಪ ಹೋದದ್ದು ಯಾವಾಗ ಎಂದು ಹೇಳಲಾರೆ, ಆದರೆ ಅದು ಹೋಗಿದೆ ಎಂದು ಗೊತ್ತಾದದ್ದು ನೆನಪಿದೆ. ಊರಿಗೆ ಬಂದು ತಿಂಗಳುಗಳಾಗಿದ್ದವು. ಸೊಟ್ಟಗೆ ಕೂಡಿದ ಕೈಯಲ್ಲಿ ಅವ್ವ ಲೋಟ ಹಿಡಿದು ಬರುವಾಗ ಜಾರಿ ಬಿಸಿ ಕಾಫಿ ನನ್ನ ಪಾದದ ಮೇಲೆ ಚೆಲ್ಲಿತು. ಅವಳು ಹೆದರಿ ಹಿಂದಕ್ಕೆ ಸರಿದಳು. ನಾನು ಕಾದೆ. ಕೈಗೆ ಏನೂ ಬರಲಿಲ್ಲ. ಕೋಪ ಬರಬೇಕಾದ ಜಾಗದಲ್ಲಿ ಬರೀ ಬೇಸರ ಬಂತು.

"ನೋಡ್ಕೊಂಡ್ ಬಾರವ್ವ" ಎಂದೆ.

ಅವ್ವ ಲೋಟ ಅಲ್ಲೇ ಇಟ್ಟು, ಒಳಗೆ ಹೋಗಿ, ಅಕ್ಕಿಯ ಡಬ್ಬಿಯ ಪಕ್ಕ ಕೂತು ಅತ್ತಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನ ಕಾಯಿಲೆ ಗೊತ್ತಾದಾಗಲೇ ಡಾಕ್ಟರು ಕಾವ್ಯಳನ್ನೂ ಕರೆತರಲು ಹೇಳಿದ್ದರು. "ಅವ್ಳಿಗೇನೂ ಆಗಿಲ್ಲ ಸಾರ್, ಕೊಕ್ಕೊ ಆಡ್ತಾಳೆ" ಎಂದಿದ್ದರು ಅಪ್ಪ. ರಕ್ತ, ಮೂತ್ರ ನೋಡಿದರು. ಅವಳಲ್ಲೂ ಇತ್ತು. ಅಪ್ಪ ಆಸ್ಪತ್ರೆಯ ಕಂಬಕ್ಕೆ ಹಣೆ ಚಚ್ಚಿಕೊಂಡರು. ಇಬ್ಬರು ವಾರ್ಡ್ ಬಾಯ್‌ಗಳು ಹಿಡಿದುಕೊಳ್ಳಬೇಕಾಯಿತು. ಡಾಕ್ಟರು ಅವರ ಹಣೆಗೆ ಹತ್ತಿ ಒತ್ತುತ್ತಾ, "ಇವಳು ಅದೃಷ್ಟವಂತೆ ಕಣಪ್ಪ. ಕಾಯಿಲೆ ಬರೋಕೆ ಮುಂಚೆ ಸಿಕ್ಕಿದಾಳೆ. ದಿನಾ ಮಾತ್ರೆ ನುಂಗಿದ್ರೆ ಏನೂ ಆಗಲ್ಲ" ಎಂದರು.

ಏನೂ ಆಗಲಿಲ್ಲ. ಕಾವ್ಯ ಬೆಳೆದಳು, ಓದಿದಳು, ಬಿಳಿಕೆರೆಯ ಒಂದು ಶಾಲೆಯಲ್ಲಿ ಟೀಚರಾದಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಅದರ ವಾಕರಿಕೆ ಇಳಿಯುವವರೆಗೆ ಹಿತ್ತಿಲಲ್ಲಿ ಅಡ್ಡಾಡಿ, ಆಮೇಲೆ ತಿಂಡಿ ತಿನ್ನುತ್ತಿದ್ದಳು. ಹೋದ ವರ್ಷ ಸಾಲಿಗ್ರಾಮದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಬಂದು ನೋಡಿ ಹೋದ. ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು.

ಒಂದು ಬೆಳಿಗ್ಗೆ ನಾನು ಬಚ್ಚಲಿಗೆ ಹೋದಾಗ ಅವಳು ಮಾತ್ರೆಯನ್ನು ಮೋರಿಗೆ ಉಗುಳಿ ನೀರು ಬಿಡುತ್ತಿದ್ದಳು.

"ಯಾವತ್ತಿಂದ?" ಎಂದೆ.

"ಯುಗಾದಿಯಿಂದ."

"ಯಾಕೆ?"

"ನಂಗೇನಾಗದೆ ಅಕ್ಕ? ಒಂದಿನಾನಾದ್ರೂ ಏನಾದ್ರೂ ಆಗದಾ? ನಿಂಗಾಯ್ತು ಅಂತ ನಾನ್ಯಾಕೆ ಸಾಯೋಗಂಟ ನುಂಗ್ಬೇಕು? ಆ ಮನೇಗೋದ್ಮೇಲೆ ದಿನಾ ಬೆಳಗಾದ್ರೆ ಮಾತ್ರೆ ತಕ್ಕೊಂಡ್ರೆ ಏನಂತಾರೆ?"

"ನುಂಗುದ್ದಕ್ಕೇ ಏನೂ ಆಗಿಲ್ಲ ಕಣೇ."

"ಬುಡು ಅಕ್ಕ. ನಾನೇನ್ ನಿನ್ನಂಗೆ ಹುಚ್ಚಿನಾ, ಕಟ್ಟಾಕುಸ್ಕೊಳೋಕೆ?"

ನಾನು ಅವಳ ಕೆನ್ನೆಗೆ ಹೊಡೆದೆ. ಪೂರ್ತಿ ಬಲದಿಂದ ಹೊಡೆದೆ. ಅವಳ ತಲೆ ಬಚ್ಚಲಿನ ಗೋಡೆಗೆ ತಾಗಿತು, ಬಕೆಟ್ಟು ಉರುಳಿತು. ಅಪ್ಪ ಓಡಿ ಬಂದರು, ಅವ್ವ ಬಂದಳು. ಅವ್ವ ನನ್ನ ಎತ್ತಿದ ಕೈ ನೋಡಿದ್ದೇ ತಡ, ಬಾಗಿಲಲ್ಲೇ ಗೋಡೆಗೆ ಒತ್ತಿಕೊಂಡು ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡಳು. ಅಷ್ಟು ವರ್ಷವಾಗಿದ್ದರೂ ಅವಳ ಮೈ ಏನನ್ನೂ ಮರೆತಿರಲಿಲ್ಲ.

"ಇದು ಕಾಯ್ಲೆ ಅಲ್ಲ ಕಣವ್ವ" ಎಂದೆ. "ಕೈ ಇಳ್ಸು. ಇದು ನನ್ನ ಕ್ವಾಪ. ಇವ್ಳು ಮಾತ್ರೆ ಉಗೀತವ್ಳೆ."

ಹೊಡೆದದ್ದು ಸರಿ ಎಂದು ಹೇಳುತ್ತಿಲ್ಲ. ಆದರೆ ಆ ಕೋಪ ಮೆಟ್ಟಿಲು ಹತ್ತಿಕೊಂಡೇ ಬಂದಿತ್ತು, ಪ್ರತಿ ಮೆಟ್ಟಿಲಲ್ಲೂ ನಾನು ಅದನ್ನು ಕಂಡಿದ್ದೆ. ಅವ್ವ ತೋಳು ಇಳಿಸಿದಳು. ಕಾವ್ಯಳ ಹತ್ತಿರ ಹೋಗಿ ಮುಖ ಹಿಡಿದು, "ಕುಮಾರನ್ಗೂ ಏನೂ ಆಗಿರ್ಲಿಲ್ಲ ಕಣಮ್ಮಿ. ಗೋಲಿ ಆಡ್ಕಂಡಿದ್ದ" ಎಂದಳು. ಅಷ್ಟೇ ಅಂದಳು.

ಮಾರನೆಯ ದಿನ ನಾನೂ ಕಾವ್ಯಳೂ ಮೈಸೂರಿನ ಬಸ್ಸು ಹತ್ತಿದೆವು. ಅವಳ ಕೆನ್ನೆಯ ಮೇಲೆ ನನ್ನ ಬೆರಳು ಮೂಡಿದ್ದವು. ರಕ್ತದ ವರದಿ ನೋಡಿ ಡಾಕ್ಟರು, ಲಿವರ್ ಆಗಲೇ ಮುನಿಸಿಕೊಂಡಿದೆ, ಮದ್ದು ಹೀಗೇ ಬಿಟ್ಟಿದ್ದರೆ ಬಸಿರು ಬಾಣಂತನದ ಹೊತ್ತಿಗೆ ಕೈ ಮೀರುತ್ತಿತ್ತು, ಈಗ ಹಿಡಿಯಬಹುದು ಎಂದರು. ಮೈಯಲ್ಲಿ ಒಂದು ನೋವೂ ಇಲ್ಲದೆ ಇಷ್ಟಾಗಿತ್ತು. ಕಾವ್ಯ ವರದಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಆಸ್ಪತ್ರೆಯ ಮರದ ಕೆಳಗೆ ನಿಂತು ಆ ಹುಡುಗನಿಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿದಳು, ಕುಮಾರಣ್ಣನಿಂದ ಹಿಡಿದು ಕೊಟ್ಟಿಗೆಯ ಕಂಬದವರೆಗೆ. ಅವನು ಕೊನೆಯವರೆಗೂ ಕೇಳಿದ, ಮನೆಯಲ್ಲಿ ಮಾತಾಡಿ ಹೇಳ್ತೀನಿ ಎಂದ. ಎರಡು ದಿನ ಬಿಟ್ಟು ಹೇಳಿದ್ದು ಅವನಲ್ಲ, ಅವನ ತಾಯಿ, ಅದೂ ಅಪ್ಪನಿಗೆ.

"ತಪ್ಪು ತಿಳ್ಕಬ್ಯಾಡಿ. ನಮ್ಗೆ ಒಬ್ನೇ ಮಗ" ಎಂದರಂತೆ.

ಇದನ್ನು ಓದುವ ಯಾರದೋ ಮನೆಯಲ್ಲಿ ಈ ಹೊತ್ತು ಒಂದು ಮಗುವಿಗೆ ಏಟು ಬೀಳುತ್ತಿರಬಹುದು, ಅಕ್ಷರ ಕೆಟ್ಟಿತೆಂದೋ, ಸಿಟ್ಟು ಹೆಚ್ಚಿತೆಂದೋ. ಎಲ್ಲ ಮಕ್ಕಳಿಗೂ ನನ್ನ ಕಾಯಿಲೆ ಇರುವುದಿಲ್ಲ. ಆದರೆ ಏಟು ಯಾವ ಕಾಯಿಲೆಗೂ ಮದ್ದಲ್ಲ, ಅದನ್ನು ಕೊಟ್ಟೂ ತಿಂದೂ ಹೇಳುತ್ತಿದ್ದೇನೆ. ಮಗು ಯಾಕೆ ಹೀಗಾಯಿತು ಎಂದು ಕೇಳಿ. ಉತ್ತರ ಸಿಗುವವರೆಗೆ ಕೇಳುವವರ ಹತ್ತಿರ ಕರೆದುಕೊಂಡು ಹೋಗಿ.

ಸಂಬಂಧ ಮುರಿದ ದಿನ ಕಾವ್ಯ ಫೋನನ್ನು ಗೋಡೆಗೆ ಎಸೆದಳು. ಅದು ಚೂರಾಯಿತು. ಕೋಣೆಯ ಬಾಗಿಲು ಹಾಕಿಕೊಂಡು, ಅಂಗಳಕ್ಕೆ ಕೇಳುವಂತೆ ಅತ್ತಳು. ಯಾರೂ ಬಾಗಿಲು ಬಡಿಯಲಿಲ್ಲ. ಬೆಳಿಗ್ಗೆ ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಅವಳು ಕೆದರಿದ ತಲೆಯಲ್ಲೇ ಬಂದಳು, ಕಣ್ಣು ಊದಿತ್ತು. ನನ್ನೆದುರು ನಿಂತು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಲೋಟದ ನೀರು ಪೂರ್ತಿ ಕುಡಿದಳು. ಆಮೇಲೆ ಬಗ್ಗಿ, ನನ್ನ ಮುಖದ ಹತ್ತಿರಕ್ಕೆ ಬಾಯಿ ಅಗಲವಾಗಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

"ನೋಡ್ಕೊ" ಎಂದಳು.

ಹಿಟ್ಟಿನ ಕೈಯಿಂದ ಅವಳ ಗಲ್ಲ ಹಿಡಿದು ನೋಡಿದೆ. ಏನೂ ಉಳಿದಿರಲಿಲ್ಲ.